ಓಟ ಬೇರೆ, ಎಳೆತ ಬೇರೆ: ಮೂರು ಡೀಸೆಲ್ ಎಂಜಿನ್ನುಗಳ ಕತೆ

ಕಳೆದ ತಿಂಗಳು ರಾಣೆಬೆನ್ನೂರಿನಿಂದ ದೊಡ್ಡಪ್ಪನ ಮಗ ಫೋನು ಮಾಡಿದ. "ತಂಗೀ, ವಾಟ್ಸಾಪಿಗೆ ಎರಡು ಕಾಗದ ಕಳಸೀನಿ. ಎರಡೂ ಪಿಕಪ್ ಗಾಡೀವು. ಇದ್ರಾಗ ಯಾವ ಎಂಜಿನ್ ಛಲೋ ಅಂತ ಓದಿ ಹೇಳವಾ. ನೀ ಇಂಥಾವೆಲ್ಲ ಕನ್ನಡಕ್ಕ ಮಾಡ್ತೀಯಲ್ಲ." ಅಣ್ಣ ಉಳ್ಳಾಗಡ್ಡಿ, ಗೋವಿನಜೋಳ ಹೇರಿ ಮಾರುಕಟ್ಟೆಗೆ ಒಯ್ಯುವವನು. ಇಷ್ಟು ವರ್ಷ ಬಾಡಿಗೆ ಗಾಡಿ ಹಿಡಿಯುತ್ತಿದ್ದ. ಈಗ ಸಾಲ ಮಾಡಿ ಸ್ವಂತದ್ದು ಕೊಳ್ಳುತ್ತಾನೆ. ಕಂತು ಐದು ವರ್ಷದ್ದು.

ಅವನು ಕಳಿಸಿದ ಕಾಗದಗಳನ್ನು ನೋಡುತ್ತಲೇ ನನಗೆ ನನ್ನದೇ ಒಂದು ಹಳೆಯ ತಪ್ಪು ನೆನಪಾಯಿತು. ಎರಡು ವರ್ಷದ ಹಿಂದೆ ಇಂಥದ್ದೇ ಒಂದು ಮಾಹಿತಿ ಪತ್ರವನ್ನು ಕನ್ನಡಕ್ಕೆ ತರುವಾಗ ಒಂದು ಸಾಲಿನಲ್ಲಿ "ಗರಿಷ್ಠ ಶಕ್ತಿ" ಅಂತಲೂ ಅದರ ಕೆಳಗಿನ ಸಾಲಿನಲ್ಲಿ "ಗರಿಷ್ಠ ತಿರುಗು ಶಕ್ತಿ" ಅಂತಲೂ ಬರೆದಿದ್ದೆ. ಮೊದಲನೆಯದು ಅಶ್ವಶಕ್ತಿಯ ಲೆಕ್ಕ, ಎರಡನೆಯದು ಟಾರ್ಕ್. ಎರಡೂ ಕಡೆ ಶಕ್ತಿ ಎಂದು ಓದಿದವರು ಒಂದನ್ನೇ ಎರಡು ಸಲ ಹೇಳಿದ್ದಾರೆ ಅಂದುಕೊಂಡಿರಬೇಕು, ದೊಡ್ಡ ಅಂಕಿ ಯಾವ ಗಾಡಿಯದೋ ಅದನ್ನೇ ಆರಿಸಿರಬೇಕು. ಹಾಗೆ ಆರಿಸಿದವರಲ್ಲಿ ನನ್ನ ಅಣ್ಣನಂಥವರೂ ಇದ್ದಿರಬಹುದು.

ವಿಚಿತ್ರವೆಂದರೆ, ಪಠ್ಯಪುಸ್ತಕದ ಕನ್ನಡದಲ್ಲಿ ನಾನು ಎಡವಿದ ಕಡೆ ಡ್ರೈವರುಗಳ ಕನ್ನಡ ಎಡವುವುದಿಲ್ಲ. "ಈ ಗಾಡಿಗೆ ಓಟ ಐತಿ, ಎಳೆತ ಇಲ್ಲ" ಎನ್ನುತ್ತಾರೆ ಅವರು. ಎತ್ತು ಕೊಳ್ಳುವಾಗಲೂ ನಮ್ಮವರಿಗೆ ಈ ಭೇದ ಗೊತ್ತಿತ್ತು. ಅಮೃತಮಹಲ್ ಎತ್ತು ಓಟಕ್ಕೆ ಹೆಸರಾಗಿದ್ದರಿಂದ ಮೈಸೂರಿನ ಸೈನ್ಯದ ಸಾಮಾನು ಸಾಗಿಸಿತು. ಕೃಷ್ಣಾ ಕಣಿವೆಯ ಎತ್ತು ನಿಧಾನ, ಆದರೆ ಅಂಟು ಎರೆಮಣ್ಣಿನಲ್ಲಿ ನೇಗಿಲು ಎಳೆಯುವುದಕ್ಕೆ ಅದೇ ಆಗಬೇಕು. ಎರಡರಲ್ಲಿ ಯಾವುದು ಹೆಚ್ಚು ಎಂದು ಜಾತ್ರೆಯಲ್ಲಿ ಯಾರೂ ಕೇಳುತ್ತಿರಲಿಲ್ಲ, ಯಾವ ಕೆಲಸಕ್ಕೆ ಎಂದು ಕೇಳುತ್ತಿದ್ದರು.

ಎಂಜಿನ್ನುಗಳ ವಿಷಯದಲ್ಲಿ ಇದೇ ಪ್ರಶ್ನೆ ತೀರಾ ಸ್ಪಷ್ಟವಾಗಿ ಎದ್ದದ್ದು 1980ರ ದಶಕದ ಅಮೆರಿಕದಲ್ಲಿ. ಅಣ್ಣನಿಗೆ ಉತ್ತರ ಕೊಡುವ ಮೊದಲು ಆ ಕತೆಯನ್ನು ನಾನು ಮತ್ತೆ ಓದಿಕೊಂಡೆ.

ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ನಿಗೆ ಪೇಟೆಂಟ್ ಪಡೆದದ್ದು 1893ರಲ್ಲಿ. ಅದು ನಂಬುವಂತೆ ಓಡಿದ್ದು 1897ರಲ್ಲಿ, ಜರ್ಮನಿಯ ಆಗ್ಸ್‌ಬರ್ಗಿನಲ್ಲಿ. ತತ್ವ ಸರಳ: ಗಾಳಿಯನ್ನು ಬಲವಾಗಿ ಅದುಮಿದರೆ ಅದು ಕಾಯುತ್ತದೆ, ಆ ಕಾದ ಗಾಳಿಗೆ ಎಣ್ಣೆ ಚಿಮ್ಮಿಸಿದರೆ ಕಿಡಿಯಿಲ್ಲದೆ ಹೊತ್ತಿಕೊಳ್ಳುತ್ತದೆ. ಹೀಗೆ ಅದುಮುವುದರಿಂದಲೇ ಡೀಸೆಲ್ ಎಂಜಿನ್ ಕಡಿಮೆ ಎಣ್ಣೆ ಕುಡಿಯುತ್ತದೆ. ಆದರೆ ಆ ಒತ್ತಡ ತಡೆಯಲು ಅದರ ಮೈಯೂ ಗಟ್ಟಿಯಾಗಿರಬೇಕು. ಹಾಗಾಗಿ ಹಡಗು, ಲಾರಿ, ಟ್ರ್ಯಾಕ್ಟರುಗಳಿಗೆ ಅದು ಒಗ್ಗಿತು. ಪೆಟ್ರೋಲು ಅಗ್ಗವಿದ್ದ ಅಮೆರಿಕದಲ್ಲಿ ಕಾರು, ಪಿಕಪ್ ಇಟ್ಟವರಿಗೆ ಅದರ ಅಗತ್ಯವೇ ಬೀಳಲಿಲ್ಲ.

1973ರ ತೈಲ ಬಿಕ್ಕಟ್ಟು ಅದನ್ನು ಬದಲಿಸಿತು. ಕಂಪನಿಗಳು ಮಾರುವ ಕಾರುಗಳ ಸರಾಸರಿ ಮೈಲೇಜು ಇಷ್ಟಿರಲೇಬೇಕು ಎಂದು 1975ರಲ್ಲಿ ಕಾನೂನು ಬಂತು. ಜನರಲ್ ಮೋಟರ್ಸ್ ತನ್ನ ಓಲ್ಡ್ಸ್‌ಮೊಬೀಲ್ ವಿಭಾಗದಲ್ಲಿ 5.7 ಲೀಟರಿನ, ಎಂಟು ಸಿಲಿಂಡರಿನ ಡೀಸೆಲ್ ಎಂಜಿನ್ ಮಾಡಿ 1978ರ ಮಾದರಿಗಳಲ್ಲಿ ಕೂರಿಸಿತು. ಕಾರುಗಳಲ್ಲಷ್ಟೇ ಅಲ್ಲ, ಷೆವರ್ಲೆ ಪಿಕಪ್ಪಿನಲ್ಲೂ ಅದು ಬಂತು. ಶಕ್ತಿ 120 ಅಶ್ವಶಕ್ತಿ. ಪೆಟ್ರೋಲ್ ಎಂಜಿನ್ನನ್ನೇ ಡೀಸೆಲ್ ಮಾಡಿದರು ಎಂದು ಇವತ್ತಿಗೂ ಹೇಳುವವರಿದ್ದಾರೆ, ಅದು ಪೂರ್ತಿ ನಿಜವಲ್ಲ. ಬ್ಲಾಕನ್ನು ಗಟ್ಟಿಗೊಳಿಸಿದ್ದರು. ಆದರೆ ಅದೇ ಕಾರ್ಖಾನೆಯ ಅದೇ ಯಂತ್ರಗಳಲ್ಲಿ ತಯಾರಾಗಬೇಕೆಂದು ಹೆಡ್ಡನ್ನು ಬಿಗಿಯುವ ಬೋಲ್ಟುಗಳನ್ನು ಪೆಟ್ರೋಲ್ ಎಂಜಿನ್ನಿನಲ್ಲಿ ಇದ್ದಷ್ಟೇ, ಇದ್ದ ಜಾಗದಲ್ಲೇ ಉಳಿಸಿದರು. ಡೀಸೆಲ್ಲಿನ ಒತ್ತಡಕ್ಕೆ ಬೋಲ್ಟು ಹಿಗ್ಗಿದವು, ಗ್ಯಾಸ್ಕೆಟ್ ಸೋರಿತು, ಸಿಲಿಂಡರಿಗೆ ನೀರು ಇಳಿಯಿತು. ಡೀಸೆಲ್ಲಿನಲ್ಲಿ ಬೆರೆತ ನೀರನ್ನು ಬೇರ್ಪಡಿಸುವ ವ್ಯವಸ್ಥೆ ಇಲ್ಲದ್ದರಿಂದ ಪಂಪು ತುಕ್ಕು ಹಿಡಿಯಿತು. ಕೊಂಡವರು ಕೋರ್ಟಿಗೆ ಹೋದರು. 1985ಕ್ಕೆ ಆ ಎಂಜಿನ್ ನಿಂತಿತು. ಡೀಸೆಲ್ ಕಾರು ಎಂದರೆ ಅಮೆರಿಕದ ಒಂದು ತಲೆಮಾರೇ ಮೂಗು ಮುರಿಯುವಂತಾಯಿತು.

ಪಿಕಪ್ ಬೇಕಾದವರು ಮಾತ್ರ ಡೀಸೆಲ್ ಬಿಡಲಿಲ್ಲ. ಕುದುರೆ ಟ್ರೇಲರು, ಹುಲ್ಲಿನ ಗಾಡಿ, ಕಟ್ಟಡದ ಸಾಮಾನು ಎಳೆಯುವವರಿಗೆ ಅದು ಬೇಕೇ ಬೇಕಿತ್ತು. ಮೂರು ಕಂಪನಿಗಳು ಅವರಿಗೆ ಮೂರು ಬೇರೆ ಬೇರೆ ಉತ್ತರ ಕೊಟ್ಟವು.

ಜನರಲ್ ಮೋಟರ್ಸ್ 1982ಕ್ಕೆ ಹೊಸದಾಗಿ 6.2 ಲೀಟರಿನ ಎಂಟು ಸಿಲಿಂಡರ್ ಎಂಜಿನ್ ತಂದಿತು. ಹಗುರವಾಗಿರಬೇಕು, ಮೈಲೇಜು ಕೊಡಬೇಕು ಎನ್ನುವುದೇ ಅದರ ಉದ್ದೇಶ. ಶಕ್ತಿ 130 ಅಶ್ವಶಕ್ತಿ, ಎಳೆತ ಸುಮಾರು 325 ನ್ಯೂಟನ್ ಮೀಟರ್. ಅಮೆರಿಕದ ಸೈನ್ಯದ ಹಮ್ವೀ ಗಾಡಿಗೂ ಅದೇ ಹೋಯಿತು.

ಫೋರ್ಡ್ ಸ್ವಂತದ್ದು ಮಾಡಲಿಲ್ಲ. ಲಾರಿ ಮತ್ತು ಟ್ರ್ಯಾಕ್ಟರುಗಳಿಗೆ ಹೆಸರಾದ ಇಂಟರ್‌ನ್ಯಾಷನಲ್ ಹಾರ್ವೆಸ್ಟರಿನಿಂದ 6.9 ಲೀಟರಿನ ಎಂಟು ಸಿಲಿಂಡರ್ ಎಂಜಿನ್ ತರಿಸಿ 1983ರಿಂದ ಕೂರಿಸಿತು. 170 ಅಶ್ವಶಕ್ತಿ, ಸುಮಾರು 427 ನ್ಯೂಟನ್ ಮೀಟರ್. 1988ರಲ್ಲಿ ಅದು 7.3 ಲೀಟರಾಗಿ, 180 ಅಶ್ವಶಕ್ತಿಗೆ ಏರಿತು.

ಮೂರನೆಯದು ಕ್ರೈಸ್ಲರ್ ಕಂಪನಿಯ ಡಾಡ್ಜ್. ಆಗಷ್ಟೇ ಸರ್ಕಾರದ ಜಾಮೀನಿನ ಸಾಲದಿಂದ ಉಸಿರು ಹಿಡಿದುಕೊಂಡಿದ್ದ ಕಂಪನಿ ಅದು. ಅದರ ಪಿಕಪ್ಪಿನ ಮೈಕಟ್ಟು 1972ರದ್ದು. ಆ ಹಳೆಯ ಗಾಡಿಗೆ 1989ರ ಮಾದರಿಯಲ್ಲಿ ಅವರು ಕಮಿನ್ಸ್ ಕಂಪನಿಯ 5.9 ಲೀಟರಿನ, ಸಾಲಾಗಿ ಆರು ಸಿಲಿಂಡರ್ ಇರುವ ಎಂಜಿನ್ ಕೂರಿಸಿದರು. ಅದು ಪಿಕಪ್ಪಿಗಾಗಿ ಹುಟ್ಟಿದ್ದೇ ಅಲ್ಲ. ಟ್ರ್ಯಾಕ್ಟರ್ ಮಾಡುವ ಕೇಸ್ ಕಂಪನಿಯ ಜತೆಗೂಡಿ ಕಮಿನ್ಸ್ ಅದನ್ನು ಹೊಲದ ಯಂತ್ರ, ಮಣ್ಣು ಅಗೆಯುವ ಯಂತ್ರ ಮತ್ತು ಮಧ್ಯಮ ಲಾರಿಗಳಿಗೆಂದು ರೂಪಿಸಿತ್ತು. ಎಂಜಿನ್ ಒಂದೇ ನಾನೂರು ಕಿಲೋ ದಾಟುತ್ತಿತ್ತು. ಶಕ್ತಿ 160 ಅಶ್ವಶಕ್ತಿ, ಅಂದರೆ ಫೋರ್ಡಿಗಿಂತ 20 ಕಡಿಮೆ. ಎಳೆತ ಮಾತ್ರ ಸುಮಾರು 542 ನ್ಯೂಟನ್ ಮೀಟರ್.

ಚಿಕ್ಕ ಎಂಜಿನ್ನಿಗೆ ದೊಡ್ಡ ಎಳೆತ ಎಲ್ಲಿಂದ ಬಂತು?

ಮೂರರ ಅಳತೆ ಪಕ್ಕಪಕ್ಕ ಇಟ್ಟು ನೋಡಿ. ಸಿಲಿಂಡರಿನ ಅಗಲ ಮೂರರಲ್ಲೂ ಹೆಚ್ಚುಕಡಿಮೆ ಒಂದೇ: 101ರಿಂದ 102 ಮಿಲಿಮೀಟರು. ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ ಮಾತ್ರ ಬೇರೆ. ಜನರಲ್ ಮೋಟರ್ಸಿನದು 97, ಫೋರ್ಡಿನ 6.9 ಲೀಟರಿನದು 106, ಕಮಿನ್ಸಿನದು 120 ಮಿಲಿಮೀಟರು. ಈ ಉದ್ದವೇ ಎಳೆತ ಕೊಡುತ್ತದೆ ಎಂದಲ್ಲ. ಆದರೆ ಇದು ನಿಧಾನವಾಗಿ, ದಿನವಿಡೀ ದುಡಿಯಲೆಂದು ಮಾಡಿದ ಎಂಜಿನ್ ಎಂಬುದನ್ನು ಅದು ಹೇಳುತ್ತದೆ.

ಎಳೆತಕ್ಕೆ ಮುಖ್ಯ ಕಾರಣಗಳು ಎರಡು. ಉಳಿದ ಎರಡು ಎಂಜಿನ್ನುಗಳಲ್ಲಿ ಎಣ್ಣೆ ಮೊದಲು ಹೆಡ್ಡಿನೊಳಗಿನ ಒಂದು ಪುಟ್ಟ ಕೋಣೆಯಲ್ಲಿ ಹೊತ್ತಿಕೊಂಡು, ಅಲ್ಲಿಂದ ಸಣ್ಣ ಕಿಂಡಿಯ ಮೂಲಕ ಸಿಲಿಂಡರಿಗೆ ನುಗ್ಗುತ್ತಿತ್ತು. ಅದರಿಂದ ಸದ್ದು ಕಡಿಮೆ, ಆದರೆ ಶಾಖದ ಒಂದು ಪಾಲು ಆ ಕೋಣೆಯ ಗೋಡೆಗೇ ಹೋಗುತ್ತದೆ. ಕಮಿನ್ಸಿನಲ್ಲಿ ಎಣ್ಣೆ ನೇರವಾಗಿ ಪಿಸ್ಟನ್ನಿನ ನೆತ್ತಿಯ ಗುಳಿಗೆ ಬೀಳುತ್ತಿತ್ತು. ಗಲಾಟೆ ಜಾಸ್ತಿ, ಪೋಲು ಕಡಿಮೆ. ಎರಡನೆಯದು ಟರ್ಬೊ. ಹೊಗೆಯ ರಭಸದಿಂದಲೇ ತಿರುಗುವ ಒಂದು ಚಕ್ರ ಹೊಸ ಗಾಳಿಯನ್ನು ಒಳಗೆ ತುರುಕುತ್ತದೆ. ಗಾಳಿ ಹೆಚ್ಚಿದ್ದಷ್ಟು ಎಣ್ಣೆ ಹೆಚ್ಚು ಉರಿಸಬಹುದು. ಆ ಒತ್ತಡ ತಡೆಯುವ ಮೈಯನ್ನು ಕಮಿನ್ಸ್ ಹುಟ್ಟಿನಿಂದಲೇ ಪಡೆದುಕೊಂಡು ಬಂದಿತ್ತು.

ಈಗ ಒಂದು ಸಣ್ಣ ಲೆಕ್ಕ. ಎಳೆತವನ್ನು ನಿಮಿಷದ ಸುತ್ತಿನಿಂದ ಗುಣಿಸಿ, ಸುಮಾರು 7,120ರಿಂದ ಭಾಗಿಸಿದರೆ ಅಶ್ವಶಕ್ತಿ ಬರುತ್ತದೆ. ಕಮಿನ್ಸಿನ ಪೂರ್ತಿ ಎಳೆತ ಸಿಗುವುದು ನಿಮಿಷಕ್ಕೆ 1,700 ಸುತ್ತಿನ ಆಸುಪಾಸಿನಲ್ಲಿ. ಗುಣಿಸಿ ಭಾಗಿಸಿದರೆ 130ರ ಹತ್ತಿರ. ಜನರಲ್ ಮೋಟರ್ಸಿನ 6.2 ತನ್ನ 130ನ್ನು ಮುಟ್ಟುವುದು 3,600 ಸುತ್ತಿನಲ್ಲಿ. ಅಂದರೆ ಅದು ಅರಚಿಕೊಂಡು ಮಾಡುವ ಕೆಲಸವನ್ನು ಇದು ಅರ್ಧಕ್ಕೂ ಕಡಿಮೆ ಸುತ್ತಿನಲ್ಲಿ ಮಾಡುತ್ತಿತ್ತು. ಗೇರು ಇಳಿಸಿದರೆ ಮೊದಲನೆಯದೂ ಏರು ಹತ್ತುತ್ತದೆ, ನಿಜ. ಆದರೆ ಪ್ರತಿ ಏರಿನಲ್ಲೂ ಹಾಗೇ ಹತ್ತಬೇಕು. "ಗರಿಷ್ಠ ಶಕ್ತಿ" ಎಂಬ ಒಂದೇ ಸಾಲು ಓದಿದವರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಆ ಸಾಲಿನ ಪ್ರಕಾರ ಗೆದ್ದದ್ದು ಫೋರ್ಡ್.

ಮುಂದಿನ ಹನ್ನೆರಡು ವರ್ಷಗಳಲ್ಲಿ ಉಳಿದಿಬ್ಬರೂ ಅದೇ ದಾರಿಗೆ ಬಂದರು. ಫೋರ್ಡ್ 1994ರಲ್ಲಿ ನೇರವಾಗಿ ಎಣ್ಣೆ ಚಿಮ್ಮಿಸುವ, ಟರ್ಬೊ ಇರುವ ಪವರ್ ಸ್ಟ್ರೋಕ್ ತಂದಿತು. ಜನರಲ್ ಮೋಟರ್ಸ್ 2001ರಲ್ಲಿ ಇಸುಜು ಜತೆ ಸೇರಿ ಡ್ಯುರಾಮ್ಯಾಕ್ಸ್ ತಂದಿತು.

ಹಾಗಂತ 1989ರ ಡಾಡ್ಜ್ ಎಲ್ಲರಿಗೂ ಸರಿಯಾದ ಗಾಡಿಯಾಗಿತ್ತು ಎಂದಲ್ಲ. ಆ ಎಳೆತ ತಡೆಯುವ ಗೇರ್‌ಬಾಕ್ಸ್ ಹುಡುಕುವುದೇ ಕಷ್ಟವಾಗಿತ್ತು. ಮೊದಲ ಆಟೊಮ್ಯಾಟಿಕ್‌ನಲ್ಲಿ ಇದ್ದದ್ದು ಮೂರೇ ಗೇರು. ಎಂಜಿನ್ನಿನ ಮುಂಭಾಗದಲ್ಲಿದ್ದ ಒಂದು ಸಣ್ಣ ಉಕ್ಕಿನ ಪಿನ್ನು ಕೆಲವೊಮ್ಮೆ ಸಡಿಲವಾಗಿ ಟೈಮಿಂಗ್ ಗೇರುಗಳ ನಡುವೆ ಬಿದ್ದು ಎಂಜಿನ್ನನ್ನೇ ಹಾಳು ಮಾಡುತ್ತಿತ್ತು. ಖಾಲಿ ಗಾಡಿಯಲ್ಲಿ ಊರೊಳಗೆ ಓಡಾಡುವವನಿಗೆ ಆ ಭಾರದ ಎಂಜಿನ್ ದಂಡ. ಅವನಿಗೆ 6.2 ಸಾಕಿತ್ತು, ಎಣ್ಣೆಯೂ ಉಳಿಯುತ್ತಿತ್ತು. ನಿಜವಾಗಿ ತಪ್ಪಿದ್ದು ಓಲ್ಡ್ಸ್‌ಮೊಬೀಲ್ ಒಂದೇ. ಪೆಟ್ರೋಲ್ ಎಂಜಿನ್ನಿನ ಬೋಲ್ಟಿಗೆ ಡೀಸೆಲ್ಲಿನ ಕೆಲಸ ಹಚ್ಚಿದ್ದು ಅದರ ತಪ್ಪು.

ಈ ಎಂಜಿನ್ ನಮಗೆ ಪರಕೀಯವೂ ಅಲ್ಲ. ನಾನಿರುವ ಪುಣೆಯಲ್ಲಿ ಕಿರ್ಲೋಸ್ಕರ್ ಕಮಿನ್ಸ್ ಕಂಪನಿ ಶುರುವಾದದ್ದು 1962ರಲ್ಲಿ. ಕಿರ್ಲೋಸ್ಕರ್ ಮನೆತನದ ಉದ್ಯಮ ಮೊಳೆತದ್ದು ಬೆಳಗಾವಿಯಲ್ಲಿ ಎಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಮುಂದೆ 1993ರಲ್ಲಿ ಟಾಟಾ ಮತ್ತು ಕಮಿನ್ಸ್ ಸೇರಿ ಜಮ್ಷೆಡ್‌ಪುರದಲ್ಲಿ ಕಂಪನಿ ಕಟ್ಟಿದವು. ಡಾಡ್ಜ್ ಪಿಕಪ್ಪಿನಲ್ಲಿದ್ದ ಅದೇ 5.9 ಲೀಟರಿನ ಬಳಗದ ಎಂಜಿನ್ ಅಲ್ಲಿ ತಯಾರಾಗಿ ಟಾಟಾ ಲಾರಿಗಳಿಗೆ ಬಂತು. ಅಲ್ಲಿ ಪಿಕಪ್ಪಿನಲ್ಲಿ ಕೂತದ್ದು ಇಲ್ಲಿ ಹೆದ್ದಾರಿಯ ಭಾರದ ಲಾರಿ ಎಳೆಯಿತು. ಅದು ಎಂಥ ಕೆಲಸಕ್ಕೆ ಹುಟ್ಟಿದ ಎಂಜಿನ್ ಎನ್ನುವುದಕ್ಕೆ ಇದೇ ಸಾಕು.

ಇದನ್ನೆಲ್ಲ ಅಣ್ಣನಿಗೆ ಹೇಳಲಿಲ್ಲ. ಮೂರು ಪ್ರಶ್ನೆ ಮಾತ್ರ ಧ್ವನಿಮುದ್ರಿಸಿ ಕಳಿಸಿದೆ. ಪೂರ್ತಿ ಎಳೆತ ಎಷ್ಟು ಸುತ್ತಿನಲ್ಲಿ ಸಿಗುತ್ತದೆ? ಇದೇ ಎಂಜಿನ್ ಇರುವ, ನಿನ್ನಷ್ಟೇ ಭಾರ ಹೇರುವ ಗಾಡಿ ನಿಮ್ಮೂರಿನಲ್ಲಿ ಯಾರ ಹತ್ತಿರ ಇದೆ, ಅದಕ್ಕೆ ಎಷ್ಟು ವರ್ಷವಾಯಿತು? ಕೆಟ್ಟರೆ ಬಿಚ್ಚಿ ರಿಪೇರಿ ಮಾಡುವವರು ಎಲ್ಲಿದ್ದಾರೆ?

ಮರುದಿನ ಅವನು ಶೋರೂಮಿಗೆ ಹೋಗಿ, ಓಡಿಸಿ ನೋಡಲು ಕೊಟ್ಟ ಖಾಲಿ ಗಾಡಿಗೆ ಹತ್ತು ಚೀಲ ಗೋವಿನಜೋಳ ಹೇರಬೇಕು ಎಂದು ಹಟ ಹಿಡಿದನಂತೆ. ಒಬ್ಬರು ಒಪ್ಪಲಿಲ್ಲ. ಎರಡನೆಯವರು ನಕ್ಕು ಒಪ್ಪಿದರು. ಆ ಗಾಡಿಯ ಅಶ್ವಶಕ್ತಿ ಕಾಗದದಲ್ಲಿ ಕಡಿಮೆ. ಆದರೂ ಸೇತುವೆಯ ಏರನ್ನು ಗೇರು ಇಳಿಸದೆ ಹತ್ತಿತಂತೆ. "ಓಟ ಯಾರಿಗೆ ಬೇಕವಾ, ಹೇರಿದ ಮ್ಯಾಲೆ ಎಳದ್ರ ಸಾಕು" ಎಂದ. ಆದರೆ ಅದರ ಬಿಡಿಭಾಗಕ್ಕೆ ಹುಬ್ಬಳ್ಳಿಗೆ ಹೋಗಬೇಕು. ಇನ್ನೂ ಲೆಕ್ಕ ಹಾಕುತ್ತಿದ್ದಾನೆ.

ನಾನು ನನ್ನ ಪದಪಟ್ಟಿ ತೆರೆದು "ತಿರುಗು ಶಕ್ತಿ" ಅಳಿಸಿದೆ. ಅದರ ಜಾಗದಲ್ಲಿ ಈಗ "ಎಳೆತ (ಟಾರ್ಕ್)" ಎಂದಿದೆ.