ಜನಸಮೂಹ ನಿಯಂತ್ರಣದ ಆಯುಧಗಳು: ಮೈಸೂರು ಸೀಮೆಯ ಅನುಭವ ಮತ್ತು ಅಂತಾರಾಷ್ಟ್ರೀಯ ವ್ಯಾಪಾರ

ಕರ್ನಾಟಕದಲ್ಲಿ ನಡೆದ ಗೋಲಿಬಾರುಗಳ ಸ್ಥಳ, ದಿನಾಂಕ ಹಾಗೂ ಹುತಾತ್ಮರ ಹೆಸರುಗಳನ್ನು ಇತಿಹಾಸಕಾರರು ಶ್ರದ್ಧೆಯಿಂದ ದಾಖಲಿಸಿದ್ದಾರೆ. ಆದರೆ ಜನರ ಮೇಲೆ ಪ್ರಯೋಗವಾದ ಆಯುಧಗಳು ಯಾವುವು, ಅವು ಎಲ್ಲಿಂದ ಬಂದವು, ಅವುಗಳ ಬಳಕೆಗೆ ಯಾವ ಕಟ್ಟುಪಾಡು ಇತ್ತು ಎಂಬ ಪ್ರಶ್ನೆಗಳು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಮೈಸೂರು ಸಂಸ್ಥಾನದ ಎರಡು ಘಟನೆಗಳಿಂದ ಆರಂಭಿಸಿ ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1938ರ ಏಪ್ರಿಲ್ 25ರಂದು ಗೌರಿಬಿದನೂರು ಸಮೀಪದ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ನೆರೆದಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಹತ್ತು ಮಂದಿಯೆಂದು ಸರ್ಕಾರ ಹೇಳಿದರೆ, ಜನರ ಲೆಕ್ಕ ಮೂವತ್ತನ್ನು ಮೀರಿತ್ತು. ಅನಂತರ ಸರ್ದಾರ್ ಪಟೇಲ್ ಹಾಗೂ ಆಚಾರ್ಯ ಕೃಪಲಾನಿ ಸಂಸ್ಥಾನಕ್ಕೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಮಾತುಕತೆ ನಡೆಸಿದರು. ಧ್ವಜದ ಪ್ರಶ್ನೆ ಒಪ್ಪಂದದಿಂದ ಬಗೆಹರಿಯಿತು. ನಿರಾಯುಧ ಸಭೆಯ ಎದುರು ಬಂದೂಕು ಹಿಡಿಯಬಹುದೇ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಅದು ಉಳಿದುದರ ಪರಿಣಾಮ ಒಂಬತ್ತು ವರ್ಷಗಳ ಬಳಿಕ ಮೈಸೂರು ನಗರದಲ್ಲಿಯೇ ಕಂಡಿತು. ಜವಾಬ್ದಾರಿ ಸರ್ಕಾರಕ್ಕಾಗಿ 1947ರ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ನಡೆದಾಗ, 13ರಂದು ತ್ರಿವರ್ಣ ಧ್ವಜವನ್ನು ಕಟ್ಟಲು ಮುಂದಾದ ವಿದ್ಯಾರ್ಥಿ ರಾಮಸ್ವಾಮಿ ಗುಂಡಿಗೆ ಬಲಿಯಾದರು. ಆ ಸ್ಥಳ ಇಂದು ರಾಮಸ್ವಾಮಿ ವೃತ್ತವೆಂದು ಪ್ರಸಿದ್ಧವಾಗಿದೆ. ದೇಶ ಸ್ವತಂತ್ರವಾಗಿ ತಿಂಗಳು ತುಂಬುವ ಮೊದಲೇ, ದೇಶದ ಧ್ವಜಕ್ಕಾಗಿಯೇ ಈ ಸಾವು ಸಂಭವಿಸಿದ್ದು ಗಮನಾರ್ಹ.

ಗುಂಡಿಗೆ ಬದಲಾಗಿ ‘ಸೌಮ್ಯ’ ಆಯುಧವೊಂದನ್ನು ಹುಡುಕುವ ಯತ್ನ ಇದಕ್ಕೂ ಹಿಂದಿನದು. 1919ರ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ತರುವಾಯ ಬ್ರಿಟಿಷ್ ಅಧಿಕಾರಿಗಳಲ್ಲಿ ಅಶ್ರುವಾಯುವಿನ ವಿಚಾರ ಚರ್ಚೆಗೆ ಬಂದಿತು. ಮೊದಲ ಮಹಾಯುದ್ಧದ ವಿಷಾನಿಲದ ನೆನಪು ಹಸಿಯಾಗಿದ್ದುದರಿಂದ ಆಗ ಹಿಂಜರಿದ ಸಾಮ್ರಾಜ್ಯ, 1930ರ ದಶಕದಲ್ಲಿ ವಸಾಹತುಗಳಲ್ಲಿ ಅದರ ಬಳಕೆಗೆ ಅನುಮತಿ ನೀಡಿತು. ಅದೇ ದಶಕದಲ್ಲಿ ಅಮೆರಿಕದ ಸೆನೆಟ್ಟಿನ ಲಾ ಫಾಲೆಟ್ ಸಮಿತಿಯು, ಮುಷ್ಕರಗಳನ್ನು ಮುರಿಯಲು ಕೈಗಾರಿಕಾ ಸಂಸ್ಥೆಗಳು ಅಶ್ರುವಾಯುವನ್ನು ಭಾರಿ ಪ್ರಮಾಣದಲ್ಲಿ ಕೊಂಡಿದ್ದನ್ನು ಬಯಲಿಗೆಳೆಯಿತು. ರಣರಂಗದ ರಾಸಾಯನಿಕ ಹೀಗೆ ಮಾರುಕಟ್ಟೆಯ ಸರಕಾಯಿತು.

ಸ್ವತಂತ್ರ ಭಾರತದಲ್ಲಿ ಈ ಸರಕಿನ ತಯಾರಿಕೆ ದೇಶದೊಳಗೇ ನೆಲೆಯೂರಿತು. ಗಡಿ ಭದ್ರತಾ ಪಡೆಯು ಗ್ವಾಲಿಯರ್ ಬಳಿಯ ಟೇಕನ್‌ಪುರದಲ್ಲಿ 1976ರಲ್ಲಿ ಅಶ್ರುವಾಯು ಘಟಕವನ್ನು ಸ್ಥಾಪಿಸಿತು. ಆದರೂ ಬಂದೂಕು ಹಿಂದೆ ಸರಿಯಲಿಲ್ಲ. 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ಕರದ ವಿರುದ್ಧ ನವಲಗುಂದ ಹಾಗೂ ನರಗುಂದದಲ್ಲಿ ನಡೆದ ರೈತ ಬಂಡಾಯದಲ್ಲಿ ರೈತರೂ ಪೊಲೀಸರೂ ಪ್ರಾಣ ಕಳೆದುಕೊಂಡರು. 2008ರ ಜೂನ್ 10ರಂದು ಹಾವೇರಿಯಲ್ಲಿ ರಸಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ನಡೆಯಿತು. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಲಾಠಿ, ಅಶ್ರುವಾಯು ಹಾಗೂ ಗುಂಡು ಮೂರೂ ಬಳಕೆಯಾದವು. ಇಬ್ಬರು ಗುಂಡಿಗೆ ಬಲಿಯಾದರು. ಅಶ್ರುವಾಯು ಆಸ್ಪತ್ರೆಯೊಂದರ ಆವರಣವನ್ನೂ ಹೊಕ್ಕಿತು. ಗುಂಡಿಗೆ ಪರ್ಯಾಯವೆಂದು ಬಂದ ಆಯುಧ ಗುಂಡಿನ ಜೊತೆಗಾರನಾಯಿತೆಂಬುದನ್ನು ಈ ಸರಣಿ ತೋರಿಸುತ್ತದೆ.

ಇದಕ್ಕೆ ಕಾನೂನಿನ ಮೌನವೂ ಒಂದು ಕಾರಣ. 1973ರ ದಂಡಪ್ರಕ್ರಿಯಾ ಸಂಹಿತೆಯ 129ನೆಯ ಕಲಮು, ಚದುರಲೊಪ್ಪದ ಅಕ್ರಮ ಕೂಟವನ್ನು ‘ಬಲ’ದಿಂದ ಚದುರಿಸಲು ಅಧಿಕಾರ ಕೊಟ್ಟಿತು, ಯಾವ ಆಯುಧ, ಎಷ್ಟು ಅಂತರದಿಂದ, ಯಾರ ಮೇಲೆ ಎಂಬುದನ್ನು ಹೇಳಲಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 148ನೆಯ ಕಲಮೂ ಇದೇ ಜಾಡಿನದು.

ಅಂತಾರಾಷ್ಟ್ರೀಯ ವ್ಯವಸ್ಥೆಯಲ್ಲಿಯೂ ಇಂತಹುದೇ ಬಿರುಕಿದೆ. 1993ರ ರಾಸಾಯನಿಕ ಅಸ್ತ್ರಗಳ ಒಪ್ಪಂದವು ಅಶ್ರುವಾಯುವನ್ನು ಯುದ್ಧತಂತ್ರವಾಗಿ ಬಳಸುವುದನ್ನು ನಿಷೇಧಿಸಿ, ಕಾನೂನು ಪಾಲನೆಗೆ ಅವಕಾಶ ಕೊಟ್ಟಿತು. ಶತ್ರುಸೈನಿಕನ ಮೇಲೆ ಸಲ್ಲದ್ದು ಸ್ವಂತ ಪ್ರಜೆಯ ಮೇಲೆ ಸಲ್ಲುವಂತಾಯಿತು. 2014ರಲ್ಲಿ ಜಾರಿಗೆ ಬಂದ ಶಸ್ತ್ರಾಸ್ತ್ರ ವ್ಯಾಪಾರ ಒಪ್ಪಂದವು ಸಣ್ಣ ಬಂದೂಕುಗಳನ್ನು ಒಳಗೊಂಡರೂ ಅಶ್ರುವಾಯುವನ್ನು ಹೊರಗಿಟ್ಟಿತು. 2013ರಲ್ಲಿ ಅದರ ಮತದಾನದಿಂದ ಭಾರತ ದೂರ ಉಳಿದಿತ್ತು. ಇಂತಹ ಸಾಧನಗಳ ವ್ಯಾಪಾರಕ್ಕೆ ಐರೋಪ್ಯ ಒಕ್ಕೂಟ 2005ರಲ್ಲಿ ಕಡಿವಾಣ ಹಾಕಿದ್ದು ಅಪವಾದ. ಮುಚ್ಚಿದ ಸ್ಥಳಗಳಲ್ಲಿ ಅಶ್ರುವಾಯು ಸಲ್ಲದೆಂದು ವಿಶ್ವಸಂಸ್ಥೆಯ 2020ರ ಮಾರ್ಗದರ್ಶಿ ಹೇಳುತ್ತದೆ. ಆದರೆ ಮಾರ್ಗದರ್ಶಿಗೆ ಕಾನೂನಿನ ಬಲವಿಲ್ಲ.

ಪೊಲೀಸರಿಗೆ ನೀಡಿದ ಆಯುಧ ಹಾಗೂ ಮದ್ದುಗುಂಡುಗಳಿಗೆ ಲೆಕ್ಕವಿರಬೇಕೆಂದು ವಿಶ್ವಸಂಸ್ಥೆಯ 1990ರ ಮೂಲತತ್ತ್ವಗಳು ವಿಧಿಸಿವೆ. ಸಂಶೋಧಕರಿಗೂ ದಾರಿ ಇಲ್ಲಿಯೇ ಇದೆ. ಗೋಲಿಬಾರ್ ಸಮರ್ಥನೀಯವೇ ಎಂಬ ಪ್ರಶ್ನೆಯ ಸುತ್ತಲೇ ಸುತ್ತುವ ತನಿಖಾ ವರದಿಗಳ ಜೊತೆಗೆ ಆಯುಧಾಗಾರದ ವಹಿಗಳು, ಖರೀದಿ ಕಡತಗಳು, ತರಬೇತಿ ಕೈಪಿಡಿಗಳು ಇತಿಹಾಸದ ಆಕರಗಳಾಗಬೇಕು. ಅಂತಹ ಕಡತಗಳು ನಾಶವಾಗದಂತೆ ಪತ್ರಾಗಾರಗಳು ಎಚ್ಚರ ವಹಿಸಬೇಕು. ವಿದುರಾಶ್ವತ್ಥದಲ್ಲಿ ಮಡಿದವರ ಸಂಖ್ಯೆಯೇ ವಿವಾದವಾಗಿ ಉಳಿದಿರುವುದು, ಲೆಕ್ಕ ತಪ್ಪಿದಾಗ ನ್ಯಾಯವೂ ತಪ್ಪುತ್ತದೆ ಎಂಬುದಕ್ಕೆ ನಿದರ್ಶನ.