ತೆರೆದ ಗಣಿಯ ಮುಚ್ಚಿದ ಲೆಕ್ಕ

ಚಿಕ್ಕೋಡಿ ತಾಲ್ಲೂಕಿನ ಕರೋಶಿಯ ಸುತ್ತಮುತ್ತ ಬಾವಿ ತೋಡಿದವರಿಗೆ ನೆಲದ ಗುಣ ಗೊತ್ತು. ಮೇಲೆ ಎರೆಮಣ್ಣು, ಅದರ ಕೆಳಗೆ ಗರಸು, ಇನ್ನೂ ಇಳಿದರೆ ಗುದ್ದಲಿಗೆ ಜಗ್ಗದ ಕರಿಕಲ್ಲು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾರಸ ತಣಿದು ಗಟ್ಟಿಯಾದ ಕಲ್ಲು ಇದು. ಕಲ್ಲಿದ್ದಲಿನ ಕಥೆ ಇದಕ್ಕಿಂತ ಬಹಳ ಹಳೆಯದು. ಇಪ್ಪತ್ತೈದು ಮೂವತ್ತು ಕೋಟಿ ವರ್ಷಗಳ ಹಿಂದಿನ ಕಾಡು ಕೆಸರಿನಲ್ಲಿ ಹೂತು, ಒತ್ತಡಕ್ಕೆ ಸಿಕ್ಕಿ ಕಲ್ಲಿದ್ದಲಾಯಿತು. ಅದು ಉಳಿದದ್ದು ಗೋದಾವರಿ, ವಾರ್ಧಾ, ದಾಮೋದರ ಮುಂತಾದ ಕಣಿವೆಗಳಲ್ಲಿ. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಯೇ ಇಲ್ಲ.

ಗಣಿ ಇಲ್ಲದಿದ್ದರೂ ಕಲ್ಲಿದ್ದಲಿನ ಋಣ ಇದೆ. ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ವಿದ್ಯುತ್ ತಯಾರಾಗುತ್ತಿರುವುದು ಹೊರಗಿನಿಂದ ಬರುವ ಕಲ್ಲಿದ್ದಲಿನಿಂದ. ಅದರಲ್ಲಿ ತೆಲಂಗಾಣದ ಸಿಂಗರೇಣಿಯ ಪಾಲೂ ಉಂಟು. ಬಳ್ಳಾರಿ ಬಳಿಯ ಕುಡಿತಿನಿ ಸ್ಥಾವರಕ್ಕೆಂದು ಕರ್ನಾಟಕ ವಿದ್ಯುತ್ ನಿಗಮಕ್ಕೆ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಬರಾಂಜ್ ಗಣಿ 2003ರಲ್ಲಿ ಹಂಚಿಕೆಯಾಯಿತು. ಸುಪ್ರೀಂ ಕೋರ್ಟು 2014ರಲ್ಲಿ ದೇಶದ ಇನ್ನೂರಕ್ಕೂ ಹೆಚ್ಚು ಹಂಚಿಕೆಗಳನ್ನು ರದ್ದುಪಡಿಸಿದಾಗ ಇದೂ ಹೋಯಿತು. ಮುಂದೆ ಮತ್ತೆ ನಿಗಮದ ಕೈಗೇ ಬಂತು. ಬರಾಂಜ್ ತೆರೆದ ಗಣಿ. ಅಂದರೆ ಸುರಂಗ ಕೊರೆಯದೆ, ಮೇಲಿನ ಮಣ್ಣು ಕಲ್ಲುಗಳನ್ನೆಲ್ಲ ಎತ್ತಿ ಪಕ್ಕಕ್ಕೆ ಸುರಿದು, ಬಯಲಿನಲ್ಲೇ ಕಲ್ಲಿದ್ದಲನ್ನು ಅಗೆಯುವ ಗಣಿ.

ಕರೋಶಿಯ ಕಬ್ಬಿಗೆ ನೀರೆತ್ತುವ ಪಂಪ್‌ಸೆಟ್ಟಿನ ವಿದ್ಯುತ್ತಿನಲ್ಲಿ ಇಂಥ ಗಣಿಗಳ ಪಾಲೂ ಬೆರೆತಿರುತ್ತದೆ. ಅಲ್ಲಿ ದುಡಿಯುವವನ ಕೈ ಮುರಿದರೆ ನೋಡುವವರು ಯಾರು? ಬರೆದಿಡುವವರು ಯಾರು? ಕೇಳಲು ಸಣ್ಣ ಪ್ರಶ್ನೆ. ಆದರೆ ಗಣಿ ಸುರಕ್ಷತೆಯ ನೂರಿಪ್ಪತ್ತು ವರ್ಷಗಳ ಇತಿಹಾಸವೆಲ್ಲ ಇದರ ಸುತ್ತಲೇ ತಿರುಗಿದೆ. ಆ ಇತಿಹಾಸದ ಮೊದಲ ಪುಟಗಳಲ್ಲಿ ನಮ್ಮ ನಾಡಿನ ಹೆಸರೂ ಇದೆ.

ಕೋಲಾರದ ಸಾವು, ಕಲ್ಕತ್ತೆಯ ಕಾನೂನು

ಭಾರತಕ್ಕೆ ಮೊದಲ ಗಣಿ ಇನ್‌ಸ್ಪೆಕ್ಟರ್ ಬಂದದ್ದು 1894ರಲ್ಲಿ. ಹೆಸರು ಜೇಮ್ಸ್ ಗ್ರಂಡಿ. ನೋಡಿ ವರದಿ ಬರೆಯುವುದಕ್ಕೆ ಅವರಿಗೆ ಅಧಿಕಾರವಿತ್ತು, ಆದರೆ ಮಾಲೀಕರನ್ನು ಬಗ್ಗಿಸುವ ಕಾನೂನು ಇನ್ನೂ ಹುಟ್ಟಿರಲಿಲ್ಲ. ನಿಯಮ ಮಾಡಬೇಕೇ ಬೇಡವೇ ಎಂಬ ಚರ್ಚೆ ಸಮಿತಿಗಳಲ್ಲಿ ಎಳೆದಾಡುತ್ತಿದ್ದಾಗ, 1897ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ ಭಾರಿ ದುರಂತವಾಗಿ 52 ಮಂದಿ ಸತ್ತರು. ಎರಡು ವರ್ಷದ ಬಳಿಕ ಬಲೂಚಿಸ್ತಾನದ ಖೋಸ್ತ್ ಕಲ್ಲಿದ್ದಲು ಗಣಿಯಲ್ಲಿ 47 ಮಂದಿ ಜೀವ ಕಳೆದುಕೊಂಡರು. ಇವೆರಡರ ಪೆಟ್ಟಿಗೆ ಸರ್ಕಾರ ಎಚ್ಚೆತ್ತಿತು. 1901ರಲ್ಲಿ ದೇಶದ ಮೊದಲ ಗಣಿ ಕಾಯ್ದೆ ಬಂತು. ಮರುವರ್ಷ ಜನವರಿಯಲ್ಲಿ ಕಲ್ಕತ್ತೆಯಲ್ಲಿ ಗಣಿ ತಪಾಸಣಾ ಕಚೇರಿ ತೆರೆಯಿತು. 1908ರಲ್ಲಿ ಅದು ಧನಬಾದಿಗೆ ಹೋಯಿತು. ಇಂದಿನ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಮೂಲ ಅದೇ.

ಇಲ್ಲೊಂದು ವಿಪರ್ಯಾಸವುಂಟು. 1901ರ ಕಾಯ್ದೆ ಅನ್ವಯಿಸುತ್ತಿದ್ದುದು ಬ್ರಿಟಿಷ್ ಆಳ್ವಿಕೆಯ ಸೀಮೆಗೆ ಮಾತ್ರ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬೆಳಗಾವಿ ಜಿಲ್ಲೆ, ಅದರೊಳಗಿನ ಚಿಕ್ಕೋಡಿ, ಆ ಕಾಯ್ದೆಯ ವ್ಯಾಪ್ತಿಯಲ್ಲಿದ್ದವು. ಯಾವ ಊರಿನ ಸಾವುಗಳು ಕಾಯ್ದೆಗೆ ಅವಸರ ತಂದವೋ ಆ ಕೋಲಾರ ಮೈಸೂರು ಸಂಸ್ಥಾನದಲ್ಲಿದ್ದುದರಿಂದ ಹೊರಗುಳಿಯಿತು. ಅಲ್ಲಿಗೆ ಸಂಸ್ಥಾನದ್ದೇ ಬೇರೆ ನಿಯಮ. ಇಡೀ ದೇಶಕ್ಕೆ ಒಂದೇ ಕಾನೂನು ಎಂಬಂತಾದುದು ಸ್ವಾತಂತ್ರ್ಯ ಬಂದ ಮೇಲೆ, 1952ರ ಗಣಿ ಕಾಯ್ದೆಯ ಮೂಲಕ.

ಕೋಲಾರ ಇನ್ನೊಂದು ಪಾಠವನ್ನೂ ಕಲಿಸಿತು. ಬಂಡೆ ಸಿಡಿದು ಸತ್ತವರನ್ನು ಎಣಿಸುವುದು ಸುಲಭ. ಕಲ್ಲಿನ ದೂಳು ಕುಡಿದು ಹತ್ತಾರು ವರ್ಷಗಳಲ್ಲಿ ಶ್ವಾಸಕೋಶ ಕಲ್ಲಾಗಿ ಸತ್ತವರನ್ನು ಎಣಿಸುವುದು ಹೇಗೆ? 1940ರ ದಶಕದಲ್ಲಿ ಅಲ್ಲಿನ ಕಾರ್ಮಿಕರನ್ನು ವೈದ್ಯರು ಪರೀಕ್ಷಿಸಿ ವರದಿ ಮಾಡಿದ ಮೇಲೆಯೇ ಸಿಲಿಕೋಸಿಸ್ ಎಂಬ ಹೆಸರು ನಮ್ಮ ದೇಶದ ಗಣಿಗಳಿಗೆ ಗಟ್ಟಿಯಾಗಿ ಅಂಟಿಕೊಂಡಿತು. ಅದಕ್ಕೂ ಮುಂಚೆ ರೋಗ ಇರಲಿಲ್ಲವೆಂದಲ್ಲ. ಲೆಕ್ಕ ಇರಲಿಲ್ಲ, ಅಷ್ಟೆ.

ಸುರಂಗದಿಂದ ಬಯಲಿಗೆ

ಸ್ವತಂತ್ರ ಭಾರತದ ದೊಡ್ಡ ಕಲ್ಲಿದ್ದಲು ದುರಂತಗಳೆಲ್ಲ ನೆಲದಡಿಯವು. 1965ರ ಮೇ ತಿಂಗಳಲ್ಲಿ ಧೋರಿಯ ಸ್ಫೋಟಕ್ಕೆ 268 ಮಂದಿ ಬಲಿಯಾದರು. 1975ರ ಡಿಸೆಂಬರ್ 27ರಂದು ಚಾಸ್‌ನಾಲಾ ಗಣಿಗೆ ನೀರು ನುಗ್ಗಿ 375 ಮಂದಿ ಸತ್ತರು. ಕಾನೂನು, ತನಿಖೆ, ಪತ್ರಿಕೆಗಳ ಕಣ್ಣು ಎಲ್ಲವೂ ಸುರಂಗದ ಕಡೆಗೇ ನೆಟ್ಟಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಅದೇ ಹೊತ್ತಿಗೆ ಗಣಿಯ ರೂಪವೇ ಬದಲಾಗುತ್ತಿತ್ತು. 1971 ಮತ್ತು 1973ರ ನಡುವೆ ಕಲ್ಲಿದ್ದಲು ಗಣಿಗಳು ರಾಷ್ಟ್ರೀಕರಣಗೊಂಡವು. ದೊಡ್ಡ ಶಾವೆಲ್ಲುಗಳು, ಡಂಪರುಗಳು ಬಂದವು. ಹೆಚ್ಚು ಕಲ್ಲಿದ್ದಲು ಬೇಗ ಬೇಕೆಂದಾಗ ತೆರೆದ ಗಣಿಯೇ ಹತ್ತಿರದ ದಾರಿಯಾಯಿತು. 2024-25ರಲ್ಲಿ ದೇಶದ ಉತ್ಪಾದನೆ ನೂರು ಕೋಟಿ ಟನ್ ದಾಟಿತು. ಅದರಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ತೆರೆದ ಗಣಿಗಳದ್ದು.

ಬಯಲಿನಲ್ಲಿ ಗಾಳಿಯುಂಟು, ಬೆಳಕುಂಟು; ತಲೆಯ ಮೇಲೆ ಕುಸಿಯಲು ಛಾವಣಿಯಿಲ್ಲ. ಸಾವಿನ ಪ್ರಮಾಣ ಇಳಿದದ್ದೂ ನಿಜ. ಕಳೆದ ಶತಮಾನದ ಮೊದಲ ದಶಕದಲ್ಲಿ ಸಾವಿರ ಕಲ್ಲಿದ್ದಲು ಕಾರ್ಮಿಕರಿಗೆ ವರ್ಷಕ್ಕೆ ಹೆಚ್ಚುಕಡಿಮೆ ಒಬ್ಬರು ಸಾಯುತ್ತಿದ್ದರು. ಕೊನೆಯ ದಶಕದ ಹೊತ್ತಿಗೆ ಅದು ಸುಮಾರು ಮೂರನೇ ಒಂದು ಪಾಲಿಗೆ ಇಳಿದಿತ್ತು. ಆದರೆ ಅಪಾಯ ಪೂರ್ತಿ ಹೋಗಲಿಲ್ಲ, ಜಾಗ ಬದಲಿಸಿತು. ಸುರಂಗದಲ್ಲಿ ಕೊಲ್ಲುತ್ತಿದ್ದುದು ಛಾವಣಿ. ಬಯಲಿನಲ್ಲಿ ಹೆಚ್ಚಾಗಿ ಕೊಲ್ಲುವುದು ಡಂಪರಿನ ಗಾಲಿ, ಹಿಂದಕ್ಕೆ ಸರಿಯುವ ಟಿಪ್ಪರ್, ಜಾರುವ ಮಣ್ಣಿನ ಗುಡ್ಡೆ, ಸಿಡಿಮದ್ದು. ಮುನ್ನೂರು ಮಂದಿ ಒಟ್ಟಿಗೆ ಸತ್ತರೆ ಸಂಸತ್ತು ಕೇಳುತ್ತದೆ. ಒಬ್ಬೊಬ್ಬರಾಗಿ ಸತ್ತರೆ ಒಳಪುಟದಲ್ಲಿ ನಾಲ್ಕು ಸಾಲು ಸುದ್ದಿಯಾಗುತ್ತದೆ.

ಕಾಗದದ ಇಳಿಜಾರು, ನೆಲದ ಇಳಿಜಾರು

ನಿಯಮ ಇಲ್ಲವೆನ್ನುವಂತಿಲ್ಲ. 1957ರ ಕಲ್ಲಿದ್ದಲು ಗಣಿ ನಿಯಮಾವಳಿಯಲ್ಲೇ ತೆರೆದ ಗಣಿಗೆ ಅಳತೆಗಳಿದ್ದವು. ಗಣಿಯ ಗೋಡೆಯನ್ನು ಕಡಿದಾಗಿ ಬಿಡಬಾರದು, ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಬೇಕು. ಎತ್ತಿ ಸುರಿದ ಮಣ್ಣಿನ ಗುಡ್ಡೆಯ ಇಳಿಜಾರು 37.5 ಡಿಗ್ರಿ ಮೀರಬಾರದು. ಎತ್ತರ 30 ಮೀಟರ್ ದಾಟಿದರೆ ಅದಕ್ಕೂ ಮೆಟ್ಟಿಲು ಬೇಕು. ಒಕ್ಕಲಿಗನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಳಿನ ರಾಶಿಯನ್ನು ತನ್ನ ಸಹಜ ಇಳಿಜಾರಿಗಿಂತ ಕಡಿದಾಗಿ ಒಟ್ಟಿದರೆ ಅದು ತಾನಾಗಿ ಜಾರುತ್ತದೆ, ಮಣ್ಣೂ ಹಾಗೆಯೇ. ಬುಡ ಒದ್ದೆಯಾದರೆ ಇನ್ನೂ ಬೇಗ. 1957ರ ನಿಯಮಗಳ ಜಾಗಕ್ಕೆ 2017ರಲ್ಲಿ ಹೊಸ ನಿಯಮಾವಳಿ ಬಂತು.

ಅದಕ್ಕೆ ಸ್ವಲ್ಪ ಮುಂಚೆ, 2016ರ ಡಿಸೆಂಬರ್ 29ರ ರಾತ್ರಿ, ಜಾರ್ಖಂಡದ ಗೊಡ್ಡಾ ಜಿಲ್ಲೆಯ ರಾಜಮಹಲ್ ತೆರೆದ ಗಣಿಯಲ್ಲಿ ಮಣ್ಣಿನ ಗುಡ್ಡೆ ಜಾರಿತು. 300 ಮೀಟರ್ ಉದ್ದ, 110 ಮೀಟರ್ ಅಗಲದ ನೆಲ ಸುಮಾರು 35 ಮೀಟರ್ ಕೆಳಗಿಳಿದಿತ್ತು ಎಂದು ಸರ್ಕಾರದ ಅಂದಿನ ಪ್ರಕಟಣೆ ತಿಳಿಸಿತು. ಯಂತ್ರಗಳ ಸಮೇತ 23 ಮಂದಿ ಹೂತುಹೋದರು. ಗಣಿ ಸರ್ಕಾರಿ ಸ್ವಾಮ್ಯದ್ದು, ಕೆಲಸ ಮಾತ್ರ ಗುತ್ತಿಗೆಗೆ ಕೊಟ್ಟದ್ದು. 2020ರ ಜೂನ್ 2ರಂದು ಸಿಂಗರೇಣಿಯ ರಾಮಗುಂಡಂ ತೆರೆದ ಗಣಿಯಲ್ಲಿ ಕುಳಿಗಳಿಗೆ ಸಿಡಿಮದ್ದು ತುಂಬುವಾಗ ಸ್ಫೋಟವಾಗಿ ನಾಲ್ವರು ಸತ್ತರು. ಅವರೂ ಗುತ್ತಿಗೆ ಕೆಲಸಗಾರರೇ.

ಗುತ್ತಿಗೆ ಎಂಬ ಮಾತಿನಲ್ಲಿ ಬಹಳ ಸಂಗತಿ ಅಡಗಿದೆ. ಕಾನೂನು ಗಣಿ ಮಾಲೀಕನನ್ನೂ ಮ್ಯಾನೇಜರನನ್ನೂ ಹೊಣೆ ಮಾಡುತ್ತದೆ. ಕೂಲಿ ಕೊಡುವವನು ಗುತ್ತಿಗೆದಾರ, ಕೆಲಸಕ್ಕೆ ಕರೆತರುವವನು ಮೇಸ್ತ್ರಿ. ಹೊಣೆ ಹೊತ್ತವನಿಗೂ ಗಾಯಗೊಂಡವನಿಗೂ ನಡುವೆ ಹೀಗೆ ಎರಡು ಮೂರು ಕೈ ಬಂದಾಗ ಹಾಜರಿ ಪುಸ್ತಕವೂ ಕೈಯಿಂದ ಕೈಗೆ ಜಾರುತ್ತದೆ.

ಯಾವುದು ಗಾಯ?

1952ರ ಕಾಯ್ದೆ ಗಾಯಕ್ಕೂ ಒಂದು ವ್ಯಾಖ್ಯೆ ಕೊಟ್ಟಿತ್ತು. ದೇಹದ ಭಾಗವೊಂದು ಶಾಶ್ವತವಾಗಿ ಹೋದರೆ, ಕಣ್ಣು ಕಿವಿಗೆ ಶಾಶ್ವತ ಹಾನಿಯಾದರೆ, ಎಲುಬು ಮುರಿದರೆ ಅದು ಗಂಭೀರ ಗಾಯ. ಅಷ್ಟಲ್ಲದಿದ್ದರೂ 72 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ಕೆಲಸಕ್ಕೆ ಬರಲಾಗದಂತೆ ಮಾಡಿದ್ದು ವರದಿಗೆ ಸೇರಬೇಕಾದ ಗಾಯ.

ಮೂರು ದಿನ ಎಂಬ ಈ ಗೆರೆಯ ಮುಂದೆ ಸ್ವಲ್ಪ ನಿಂತು ಯೋಚಿಸಬೇಕು. ಕಾಯಂ ನೌಕರನಿಗೆ ಏಟು ಬಿದ್ದರೆ ರಜೆಯುಂಟು, ಆಸ್ಪತ್ರೆಯುಂಟು. ನಾಲ್ಕನೇ ದಿನ ಆತನ ಹೆಸರು ದಾಖಲೆಯಲ್ಲಿ ಬೀಳುತ್ತದೆ. ದಿನಗೂಲಿಯವನ ಪಾಡು ಬೇರೆ. ಮೂರು ದಿನ ಮಲಗಿದರೆ ಮೂರು ದಿನದ ಕೂಲಿ ಹೋಯಿತು. ಬಟ್ಟೆ ಸುತ್ತಿಕೊಂಡು ಮರುದಿನವೇ ಆತ ಬಂದರೆ ಕಾನೂನಿನ ಕಣ್ಣಿಗೆ ಗಾಯವೇ ಆಗಿಲ್ಲ. ಬರದೇ ಹೋದರೆ, ಹಾಜರಿಯಲ್ಲಿ ಹೆಸರಿಲ್ಲದ ಪಕ್ಷದಲ್ಲಿ, ಆತ ಕೆಲಸಕ್ಕೇ ಇರಲಿಲ್ಲ ಎಂದಾಗುತ್ತದೆ. ಕೆಲಸದಲ್ಲಿ ಗಾಯಗೊಂಡವರಿಗೆ ಪರಿಹಾರ ಕೊಡಿಸುವ ಕಾಯ್ದೆ 1923ರಷ್ಟು ಹಿಂದೆಯೇ ಬಂದಿತ್ತು. ಆದರೆ ಪರಿಹಾರ ಕೇಳುವವನು ಮೊದಲು ಎರಡು ಮಾತು ಸಾಬೀತು ಮಾಡಬೇಕು: ತಾನು ಅಲ್ಲಿ ಕೆಲಸದಲ್ಲಿದ್ದೆ, ಪೆಟ್ಟು ಬಿದ್ದದ್ದು ಆ ಕೆಲಸದಲ್ಲೇ. ಎರಡಕ್ಕೂ ಸಾಕ್ಷಿ ಆ ಪುಸ್ತಕವೇ.

ಹೀಗಾಗಿ ಹಾಜರಿ ಪುಸ್ತಕ ಮತ್ತು ಅಪಘಾತದ ರಿಜಿಸ್ಟರು ಬರೀ ಗುಮಾಸ್ತರ ಕೆಲಸವಲ್ಲ. ಹೆಲ್ಮೆಟ್ಟು, ಬೂಟುಗಳಷ್ಟೇ ಮುಖ್ಯವಾದ ಸುರಕ್ಷತಾ ಸಾಧನ ಅದು. ಸಣ್ಣ ಗಾಯಗಳು ದಾಖಲಾದರೆ, ಯಾವ ತಿರುವಿನಲ್ಲಿ ಟಿಪ್ಪರ್ ಜಾರುತ್ತದೆ, ಯಾವ ಗೋಡೆಯಿಂದ ಕಲ್ಲು ಉದುರುತ್ತದೆ ಎಂಬುದು ಸಾವಿಗೆ ಮುಂಚೆಯೇ ಗೊತ್ತಾಗುತ್ತದೆ. ದಾಖಲಾಗದಿದ್ದರೆ ಮೊದಲ ಸುದ್ದಿಯೇ ಹೆಣವಾಗಿ ಬರುತ್ತದೆ.

ನಮ್ಮ ಕಲ್ಲಿನ ಖಣಿಗಳು

ಕಲ್ಲಿದ್ದಲು ನಮಗೆ ದೂರ, ಕಲ್ಲು ದೂರವಲ್ಲ. ರಸ್ತೆ, ಕಾಲುವೆ, ಮನೆ ಯಾವುದಕ್ಕೂ ಖಡಿ ಬೇಕು. ಆ ಖಡಿ ಬರುವುದು ಕರಿಕಲ್ಲಿನ ಖಣಿಗಳಿಂದ. ಅವೂ ತೆರೆದ ಗಣಿಗಳೇ. ಮದ್ದು, ದೂಳು, ಕಡಿದಾದ ಗೋಡೆ, ಟಿಪ್ಪರ್ ಎಲ್ಲವೂ ಅಲ್ಲೂ ಉಂಟು.

1952ರ ಕಾಯ್ದೆ ಇಲ್ಲೊಂದು ಕಿಂಡಿ ಬಿಟ್ಟಿತ್ತು. ಕಟ್ಟಡದ ಕಲ್ಲು, ಖಡಿ, ಗರಸು, ಮರಳು ಮುಂತಾದವನ್ನು ತೆಗೆಯುವ ತೆರೆದ ಗುಂಡಿ 6 ಮೀಟರಿಗಿಂತ ಆಳವಿರದಿದ್ದರೆ, ದಿನಕ್ಕೆ 50ಕ್ಕಿಂತ ಹೆಚ್ಚು ಜನ ಇರದಿದ್ದರೆ, ಸಿಡಿಮದ್ದು ಬಳಸದಿದ್ದರೆ ಕಾಯ್ದೆಯ ಬಹುಪಾಲು ಅದಕ್ಕೆ ಅನ್ವಯಿಸುತ್ತಿರಲಿಲ್ಲ. ಸಣ್ಣವರಿಗೆ ಕಿರುಕುಳ ಬೇಡವೆಂಬ ಉದ್ದೇಶ ಅದಕ್ಕಿದ್ದೀತು. ಆದರೆ ಮೂರೂ ಷರತ್ತು ಒಟ್ಟಿಗೆ ಇರಬೇಕಿತ್ತು. ಒಂದೇ ಒಂದು ಕುಳಿಗೆ ಮದ್ದಿಟ್ಟರೂ ವಿನಾಯಿತಿ ಹೋಗಿ ಕಾಯ್ದೆ ಪೂರ್ತಿ ಅನ್ವಯವಾಗುತ್ತಿತ್ತು. ಕರಿಕಲ್ಲು ಮದ್ದಿಲ್ಲದೆ ಒಡೆಯುವುದು ಎಷ್ಟು ಕಷ್ಟವೆಂದು ಬಾವಿ ತೋಡಿಸಿದವರನ್ನು ಕೇಳಿದರೆ ತಿಳಿಯುತ್ತದೆ.

ಮದ್ದಿನ ಮೇಲೆ ಕಣ್ಣಿಲ್ಲದಿದ್ದರೆ ಏನಾಗುತ್ತದೆಂದು 2021ರಲ್ಲಿ ರಾಜ್ಯ ಎರಡು ಬಾರಿ ಕಂಡಿತು. ಜನವರಿ 21ರ ರಾತ್ರಿ ಶಿವಮೊಗ್ಗ ಬಳಿಯ ಹುಣಸೋಡಿನಲ್ಲಿ ಕಲ್ಲು ಗಣಿಗೆಂದು ತಂದಿದ್ದ ಸ್ಫೋಟಕ ಸಿಡಿದಾಗ ಸುತ್ತಲ ಜಿಲ್ಲೆಗಳ ಜನ ಭೂಕಂಪವೆಂದು ಹೊರಗೋಡಿ ಬಂದರು. ಆರು ಮಂದಿ ಸತ್ತರು. ತಿಂಗಳು ಕಳೆದ ಮೇಲೆ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು ಮತ್ತೆ ಆರು ಸಾವು. ಆಗ ರಾಜ್ಯವೆಲ್ಲ ಅಕ್ರಮ ಗಣಿಗಾರಿಕೆಯ ಮಾತಾಡಿತು. ಅಕ್ರಮ ಎಂದರೆ ತೆರಿಗೆ ತಪ್ಪಿಸುವುದು, ಪರವಾನಗಿ ಇಲ್ಲದಿರುವುದು ಎಂದಷ್ಟೇ ಅರ್ಥ ಮಾಡಿದರೆ ಸಾಲದು. ಪರವಾನಗಿ ಇಲ್ಲದ ಖಣಿಯಲ್ಲಿ ದುಡಿಯುವವನಿಗೆ ಹಾಜರಿಯೂ ಇಲ್ಲ, ತಪಾಸಣೆಯೂ ಇಲ್ಲ, ಸತ್ತರೆ ಪರಿಹಾರ ಕೇಳಲು ಕಾಗದವೂ ಇಲ್ಲ.

ಹೊಸ ಸಂಹಿತೆಯ ಕಾಲ

1952ರ ಗಣಿ ಕಾಯ್ದೆಯೂ ಸೇರಿ 13 ಕಾನೂನುಗಳನ್ನು ಒಂದಾಗಿಸಿ ಸಂಸತ್ತು 2020ರಲ್ಲಿ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯನ್ನು ಅಂಗೀಕರಿಸಿತು. ಅದು ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಇದರಲ್ಲಿ ಇನ್‌ಸ್ಪೆಕ್ಟರ್ ಹೋಗಿ, ತಪಾಸಣೆಯ ಜೊತೆಗೆ ತಿಳಿವಳಿಕೆಯನ್ನೂ ಕೊಡುವ ಅಧಿಕಾರಿ ಬಂದಿದ್ದಾರೆ. ಯಾವ ಜಾಗಕ್ಕೆ ತಪಾಸಣೆ ಹೋಗಬೇಕೆಂದು ಕಂಪ್ಯೂಟರ್ ಆರಿಸುವ ವ್ಯವಸ್ಥೆಗೂ ಅವಕಾಶವಿದೆ. ಕಿರುಕುಳ, ಲಂಚ ತಪ್ಪುತ್ತದೆಂದು ಒಂದು ಪಕ್ಷ ಹೇಳಿದರೆ, ಹಲ್ಲು ಕಿತ್ತಂತಾಯಿತೆಂದು ಕಾರ್ಮಿಕ ಸಂಘಗಳ ದೂರು. ಯಾರ ಮಾತು ನಿಜವೆಂದು ಮುಂದಿನ ವರ್ಷಗಳು ಹೇಳಬೇಕು.

ಒಂದು ಮಾತು ಮಾತ್ರ ಈಗಲೇ ಹೇಳಬಹುದು. ಕಂಪ್ಯೂಟರ್ ತನ್ನ ಪಟ್ಟಿಯಲ್ಲಿ ಇರುವುದನ್ನು ಮಾತ್ರ ಆರಿಸಬಲ್ಲದು. ಪಟ್ಟಿಯಲ್ಲಿಲ್ಲದ ಖಣಿ, ಹಾಜರಿಯಲ್ಲಿಲ್ಲದ ಆಳು, ರಿಜಿಸ್ಟರಿನಲ್ಲಿಲ್ಲದ ಗಾಯ ಇವು ಅದರ ಕಣ್ಣಿಗೆ ಬೀಳುವುದಿಲ್ಲ. 1897ರಲ್ಲಿ ಕೋಲಾರದ 52 ಹೆಣಗಳು ಲೆಕ್ಕಕ್ಕೆ ಬಂದದ್ದರಿಂದ ಒಂದು ಕಾನೂನು ಹುಟ್ಟಿತು. ಇಂದು ಊರ ಹೊರಗಿನ ಖಣಿಯಲ್ಲಿ ಬೆರಳು ಕಳೆದುಕೊಂಡವನ ಹೆಸರನ್ನು ಬರೆದಿಡಲು ಒಂದು ಪುಸ್ತಕ, ಒಂದು ಪೆನ್ನು ಸಾಕು. ಅಷ್ಟನ್ನೂ ಮಾಡದವರ ಖಡಿಯಿಂದ ರಸ್ತೆ ಮಾಡಿಸುವಾಗ ಗ್ರಾಮ ಪಂಚಾಯಿತಿಯೂ, ಲೋಕೋಪಯೋಗಿ ಇಲಾಖೆಯೂ ಆ ಪುಸ್ತಕ ತೋರಿಸಿರೆಂದು ಕೇಳಬಾರದೇಕೆ?