ಹಿತ್ತಲ ಇತಿಹಾಸ, ಭಾಗ 4: ಡೇರೆ ಗೆಡ್ಡೆಯ ಪಯಣ

ಡೇರೆ ಅಂದ ಕೂಡ್ಲೆ ಪೇಟೆಯ ಗೆಳೆಯರಿಗೆ ಟೆಂಟ್ ನೆನಪಾಗುತ್ತೆ. ಶಿರಸಿ, ಸಿದ್ದಾಪುರ, ಸಾಗರದ ಕಡೆಯವರನ್ನು ಕೇಳಿ ನೋಡಿ, ಅವರು ಬಣ್ಣ ಎಣಿಸೋಕೆ ಶುರು ಮಾಡ್ತಾರೆ: ಕೆಂಪು, ಹಳದಿ, ನೇರಳೆ, ತುದಿಗೆ ಬಿಳಿ ಹಚ್ಚಿದ ಕೆಂಪು. ಪುಸ್ತಕದಲ್ಲಿ ಡೇಲಿಯಾ, ನಮ್ಮ ಬಾಯಲ್ಲಿ ಡೇರೆ. ಮಳೆಗಾಲದ ಮಲೆನಾಡಿನ ಅಂಗಳಕ್ಕೆ ಇದಿಲ್ಲದೆ ಕಳೆಯೇ ಇಲ್ಲ.

ಇಷ್ಟು ನಮ್ಮದಾಗಿರೋ ಹೂವಿನ ತವರು ಎಲ್ಲಿ ಗೊತ್ತಾ? ಮೆಕ್ಸಿಕೋದ ಬೆಟ್ಟಸಾಲು!

1570ರ ದಶಕದಲ್ಲಿ ಸ್ಪೇನಿನ ದೊರೆ ಎರಡನೇ ಫಿಲಿಪ್ ಕಳಿಸಿದ ವೈದ್ಯ ಫ್ರಾನ್ಸಿಸ್ಕೋ ಹೆರ್ನಾಂಡೆಸ್ ಅಲ್ಲಿನ ಗಿಡಗಳ ಬಗ್ಗೆ ಬರೆಯುವಾಗ ಇದನ್ನೂ ದಾಖಲಿಸಿದ. ಆದರೆ ಯುರೋಪಿನ ತೋಟದಲ್ಲಿ ಹೂ ಅರಳೋಕೆ ಇನ್ನೂ ಎರಡು ಶತಮಾನ ಬೇಕಾಯ್ತು. 1789ರಲ್ಲಿ ಮೆಕ್ಸಿಕೋದಿಂದ ಮ್ಯಾಡ್ರಿಡ್‌ನ ರಾಜೋದ್ಯಾನಕ್ಕೆ ಡೇಲಿಯಾ ಬಂತು. 1791ರಲ್ಲಿ ಅಲ್ಲಿನ ಸಸ್ಯಶಾಸ್ತ್ರಜ್ಞ ಕವನಿಯೆಸ್ ಅದಕ್ಕೆ ಸ್ವೀಡನ್ನಿನ ಆಂಡರ್ಸ್ ದಾಲ್ ಹೆಸರಿಟ್ಟ. ದಾಲ್ ಅಷ್ಟರಲ್ಲಿ ತೀರಿಕೊಂಡಿದ್ದ. ರಷ್ಯಾದಲ್ಲಿ ಈಗಲೂ ಇದೇ ಹೂವಿಗೆ ‘ಗಿಯೊರ್ಗಿನಾ’ ಅಂತಾರೆ, ಅದು ಇನ್ನೊಬ್ಬ ವಿಜ್ಞಾನಿಯ ನೆನಪಿಗೆ. ಒಂದು ಹೂ, ಊರಿಗೊಂದು ಹೆಸರು.

ಈಗ ನಿಜವಾದ ವಿಷಯಕ್ಕೆ ಬನ್ನಿ.

ನಮ್ಮ ಜೀವಕೋಶದಲ್ಲಿ ವರ್ಣತಂತುಗಳು ಎರಡು ಪ್ರತಿ ಇರುತ್ತವೆ. ತೋಟದ ಡೇರೆಯಲ್ಲಿ ಎಂಟು! ಅದಕ್ಕೇ ಬೀಜ ಬಿತ್ತಿದರೆ ತಾಯಿ ಗಿಡದ ಹೂವೇ ಬರುತ್ತೆ ಅಂತ ನಂಬೋ ಹಾಗಿಲ್ಲ. ಬಣ್ಣ, ಗಾತ್ರ, ಎಸಳಿನ ಆಕಾರ ಎಲ್ಲ ಬದಲಾಗಬಹುದು. ಹೊಸ ತಳಿ ಬೇಕಾದವರಿಗೆ ಇದು ಹಬ್ಬ. ಹಳೇ ತಳಿ ಅದೇ ಥರ ಉಳೀಬೇಕು ಅಂದ್ರೆ ಮಾತ್ರ ಗೆಡ್ಡೆಯನ್ನೋ ಕುಡಿಯನ್ನೋ ನೆಡಬೇಕು. ಕೊನೆಯ ಗೆಡ್ಡೆ ಕೊಳೆತರೆ ಆ ಹೂವಿನ ಕಥೆ ಮುಗೀತು.

ಉತ್ಪ್ರೇಕ್ಷೆ ಅನ್ನಿಸ್ತಾ? 1872ರ ಸುಮಾರಿಗೆ ಮೆಕ್ಸಿಕೋದಿಂದ ಹಾಲೆಂಡಿಗೆ ಒಂದು ಪೆಟ್ಟಿಗೆ ಗಿಡಗೆಡ್ಡೆ ಬಂತು. ದಾರಿಯಲ್ಲೇ ಹೆಚ್ಚುಕಮ್ಮಿ ಎಲ್ಲ ಕೊಳೆತಿತ್ತು. ಬದುಕಿದ್ದ ಒಂದೇ ಡೇಲಿಯಾ ಗೆಡ್ಡೆಯಿಂದ ಅರಳಿದ್ದು ಚೂಪು ಎಸಳಿನ ಕೆಂಪು ಹೂ. ಅದಕ್ಕೆ ಮೆಕ್ಸಿಕೋದ ಅಧ್ಯಕ್ಷ ಹುವಾರೆಸ್ ಹೆಸರಿಟ್ಟರು. ಎಸಳು ಸುರುಳಿ ಸುತ್ತಿಕೊಳ್ಳೋ ‘ಕ್ಯಾಕ್ಟಸ್’ ಡೇಲಿಯಾಗಳ ಮೂಲ ಆ ಗಿಡವೇ. ಆ ಮನುಷ್ಯ ಪೆಟ್ಟಿಗೆಯನ್ನು ತಿಪ್ಪೆಗೆ ಸುರಿದಿದ್ದರೆ?

ಮಲೆನಾಡಿನಲ್ಲಿ ಈ ಕೆಲಸ ಮಾಡಿದ್ದು ಯಾವ ರಾಜೋದ್ಯಾನವೂ ಅಲ್ಲ, ಮನೆಮನೆಯ ಹೆಂಗಸರು. ‘ನಿಮ್ಮನೆ ಹಳದಿ ಕೊಡಿ, ನಮ್ಮನೆ ನೇರಳೆ ತಗೊಂಡ್ಹೋಗಿ’ ಅನ್ನೋ ಕೊಡುಕೊಳ್ಳುವಿಕೆಯಲ್ಲೇ ತಳಿ ಊರಿಂದೂರಿಗೆ ಹೋಯ್ತು. ಯಾರೂ ರಿಜಿಸ್ಟರ್ ಬರೆದಿಡಲಿಲ್ಲ. ಇವತ್ತು ಅಂಥ ಎಷ್ಟೋ ಮನೆಗಳಲ್ಲಿ ಇಬ್ಬರು ಹಿರಿಯರಷ್ಟೇ ಇದ್ದಾರೆ. ಮಕ್ಕಳು, ಅಂದ್ರೆ ನಾವು, ಹಾಸ್ಟೆಲ್ಲು ಪಿಜಿಗಳಲ್ಲಿ. ಗೆಡ್ಡೆ ಕೀಳೋರು ಯಾರು?

ಕೆಲಸ ಕಷ್ಟದ್ದೇನಲ್ಲ. ಹೂ ಮುಗಿದು ಗಿಡ ಒಣಗಿದ ಮೇಲೆ ಗೆಡ್ಡೆ ಗೊಂಚಲನ್ನು ಪೆಟ್ಟಾಗದ ಹಾಗೆ ಎತ್ತಿ, ನೆರಳಲ್ಲಿ ಆರಿಸಿ, ಒಣ ಮರಳಲ್ಲಿ ಮುಚ್ಚಿಡಿ. ಪಾಲು ಮಾಡುವಾಗ ಒಂದು ಎಚ್ಚರ: ಆಲೂಗಡ್ಡೆ ಥರ ಇದಕ್ಕೆ ಮೈತುಂಬ ಕಣ್ಣಿಲ್ಲ. ಮೊಳಕೆ ಒಡೆಯೋದು ಹಳೇ ಕಾಂಡಕ್ಕೆ ಅಂಟಿದ ಕುತ್ತಿಗೆಯಲ್ಲಿ ಮಾತ್ರ, ಹಾಗಾಗಿ ಪ್ರತಿ ಪಾಲಿಗೂ ಆ ತುಣುಕು ಇರಲೇಬೇಕು. ಮಳೆಗಾಲದ ಹೊತ್ತಿಗೆ ನೀರು ನಿಲ್ಲದ ಮಣ್ಣಲ್ಲಿ ನೆಟ್ಟು, ಕೋಲು ಕೊಟ್ಟು ಕಟ್ಟಿ. ಪಿಜಿ ಬಾಲ್ಕನಿಗೆ ಬಿಸಿಲು ಬಿದ್ದರೆ ಒಂದು ಕುಂಡವೂ ಸಾಕು.

ಈ ಸಲ ಊರಿಗೆ ಹೋದಾಗ ಹೂವಿನ ಫೋಟೋ ಮಾತ್ರ ತಗೊಂಡು ಬರಬೇಡಿ. ‘ಈ ಗೆಡ್ಡೆ ಯಾರ ಮನೆಯಿಂದ ಬಂತು?’ ಅಂತ ಅಜ್ಜಿಯನ್ನೋ ಅತ್ತೆಯನ್ನೋ ಕೇಳಿ, ಬರೆದಿಟ್ಟುಕೊಳ್ಳಿ. ಒಂದು ಗೆಡ್ಡೆ ಚೀಲಕ್ಕೆ ಹಾಕ್ಕೊಳ್ಳಿ, ಇನ್ನೊಂದು ಗೆಳೆಯರಿಗೆ ಕೊಡಿ. ಎರಡು ಕಡೆ ಇದ್ದರೆ ಒಂದು ಕಡೆ ಕೊಳೆತರೂ ತಳಿ ಉಳಿಯುತ್ತೆ.

ನಿಮ್ಮನೆ ಡೇರೆ ಯಾವ ಬಣ್ಣ? ಯಾರು ಕೊಟ್ಟಿದ್ದು? ಕಾಮೆಂಟಲ್ಲಿ ಬರೀರಿ. ಮುಂದಿನ ಭಾಗ: ಪೆರುವಿನಿಂದ ಬಂದ ಸಂಜೆಮಲ್ಲಿಗೆ.

#ಹಿತ್ತಲಇತಿಹಾಸ #ಡೇರೆಹೂ #ಮಲೆನಾಡು